ಹುಡುಗಿ ಮರವಾಗುವ ಗಳಿಗೆ

‘ಹುಡುಗಿ ಮರವಾದಳು’ ಎಂಬ ಒಂದು ಮಾತು ಅಡಗೂಲಜ್ಜಿಯ ಕಥೆಗೆ ಸಾಕು. ಕೇಳುವ ಮಗು ಅದಕ್ಕೆ ಸಾಕ್ಷ್ಯ ಬೇಡುವುದಿಲ್ಲ. ಅದೇ ಕಥೆಗೆ ಪುಸ್ತಕದಲ್ಲಿ ಚಿತ್ರ ಬರೆಯುವ ಕಲಾವಿದನು ಒಂದು ಗಳಿಗೆಯನ್ನು ಆರಿಸಿಕೊಳ್ಳುತ್ತಾನೆ: ನಿಂತ ಹುಡುಗಿಯನ್ನೋ, ಹೂಬಿಟ್ಟ ಮರವನ್ನೋ. ಚಿತ್ರಗಳಿಗೆ ಚಲನೆ ಕೊಡುವ ಅನಿಮೇಷನ್ ಕಲಾವಿದನಿಗೆ ಈ ಎರಡು ಅನುಕೂಲಗಳೂ ಇಲ್ಲ. ಬೆರಳು ಕೊಂಬೆಯಾಗಲು ಎಷ್ಟು ಹೊತ್ತು ಹಿಡಿಯಿತು? ಮೊದಲು ಬೇರೂರಿತೆ, ಚಿಗುರೊಡೆಯಿತೆ? ಅವಳಿಗೆ ನೋವಾಯಿತೆ? ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಅವನು ಉತ್ತರಿಸಲೇಬೇಕು. ಕಥೆಯೂ ಚಿತ್ರವೂ ಹೇಳದೆ ಬಿಟ್ಟ ಆ ನಡುವಿನ ಹೊತ್ತೇ ಅವನ ಸೃಷ್ಟಿಕ್ಷೇತ್ರ.

ಈ ಸತ್ಯವನ್ನು ಮೊದಲೇ ಕಂಡುಕೊಂಡವರಲ್ಲಿ ಬರ್ಲಿನ್ನಿನ ಲೋಟೆ ರೈನಿಗರ್ ಒಬ್ಬರು. 1899ರಲ್ಲಿ ಹುಟ್ಟಿದ ಆಕೆಯ ಮುಖ್ಯ ಆಯುಧವೆಂದರೆ ಕತ್ತರಿ. ಕಪ್ಪು ರಟ್ಟಿನಿಂದ ಆಕೃತಿಗಳನ್ನು ಕತ್ತರಿಸಿ, ಕೀಲುಗಳಲ್ಲಿ ತಂತಿ ಬಿಗಿದು, ಕೆಳಗಿನಿಂದ ಬೆಳಗಿದ ಗಾಜಿನ ಮೇಲಿಟ್ಟು, ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚಿತ್ರ ತೆಗೆಸುತ್ತಿದ್ದರು. ಅರೇಬಿಯನ್ ನೈಟ್ಸ್ ಕಥೆಗಳನ್ನು ಆಧರಿಸಿದ ‘ರಾಜಕುಮಾರ ಅಹಮದನ ಸಾಹಸಗಳು’ ಹೀಗೆ ಸುಮಾರು ಮೂರು ವರ್ಷಗಳ ದುಡಿಮೆಯಲ್ಲಿ ಸಿದ್ಧವಾಗಿ 1926ರಲ್ಲಿ ತೆರೆಕಂಡಿತು. ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅದರಲ್ಲಿ ಮಾಟಗಾತಿಯೂ ಮಾಂತ್ರಿಕನೂ ಬಗೆಬಗೆಯ ಪ್ರಾಣಿಗಳಾಗಿ ಕಾದಾಡುವ ಭಾಗವನ್ನು ಕಂಡವರಿಗೆ ರೂಪಾಂತರವೇ ಈ ಕಲೆಯ ಮಾತೃಭಾಷೆಯೆಂದು ತಿಳಿಯುತ್ತದೆ. ಕಣ್ಣು ಮೂಗು ಕಾಣದ ಆ ನೆರಳುಗಳು ತಲೆ ಬಾಗಿಸುವ ರೀತಿಯಿಂದಲೇ ತಮ್ಮ ದುಃಖವನ್ನು ತಿಳಿಸುತ್ತವೆ.

ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿಯ ಕೇಳುಗರಿಗೆ ಈ ಕಲೆ ಪರದೇಶದ್ದೆನಿಸಬೇಕಾಗಿಲ್ಲ. ಅದೇ ಜಿಲ್ಲೆಯ ನಾಗಮಂಗಲವು ತೊಗಲುಗೊಂಬೆಯಾಟಕ್ಕೆ ಹೆಸರಾದ ಸೀಮೆ. ರೈನಿಗರರ ಗೊಂಬೆ ಬೆಳಕನ್ನು ತಡೆದು ಕಪ್ಪಾಗುತ್ತದೆ. ನಮ್ಮ ತೊಗಲುಗೊಂಬೆ ಬೆಳಕನ್ನು ತನ್ನೊಳಗೆ ಹಾಯಿಸಿಕೊಂಡು ಬಣ್ಣವಾಗುತ್ತದೆ. ನಮ್ಮಲ್ಲಿ ಅರಸನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ಅಳತೆಯೇ ಅಂತಸ್ತನ್ನು ಹೇಳುತ್ತದೆ. ಮುಂದೆ ‘ಚಂದಮಾಮ’ದ ಪುಟಗಳಲ್ಲಿ ಎಂ. ಟಿ. ವಿ. ಆಚಾರ್ಯ, ಶಂಕರ್ ಮೊದಲಾದವರು ಬರೆದ ಚಿತ್ರಗಳು ಕನ್ನಡದ ಮಕ್ಕಳಿಗೆ ರಾಜರ, ರಾಕ್ಷಸರ ಮುಖಗಳನ್ನು ಕೊಟ್ಟವು. ರೇಖೆಗೂ ಕಥೆಗೂ ನಮ್ಮಲ್ಲಿ ಬಡತನವಿಲ್ಲ.

ಹಾಗಾದರೆ ಸ್ಫೂರ್ತಿಯೆಂದರೆ ಹಳೆಯ ಚೆಲುವನ್ನು ಎತ್ತಿ ತಂದು ಹೊಸ ತೆರೆಯ ಮೇಲೆ ಅಂಟಿಸುವುದೆ? ಹಾಗೆಂದು ನನಗೆ ತೋರುವುದಿಲ್ಲ. ಎ. ಕೆ. ರಾಮಾನುಜನ್ ಅವರ ಜನಪದ ಕಥೆಗಳ ಸಂಗ್ರಹವೊಂದು 1997ರಲ್ಲಿ ಪ್ರಕಟವಾಯಿತು. ಅದರ ಹೆಸರಿಗೆ ಕಾರಣವಾದದ್ದು ಕನ್ನಡದ ಹೂಮರದ ಕಥೆ; ಗಿರೀಶ ಕಾರ್ನಾಡರ 1992ರ ‘ಚೆಲುವಿ’ ಚಿತ್ರಕ್ಕೂ ಅದೇ ಆಧಾರ. ಒಂದು ಕೊಡ ನೀರು ಸುರಿದರೆ ಹುಡುಗಿ ಹೂಮರವಾಗುತ್ತಾಳೆ. ಕೊಂಬೆ ಮುರಿಯದಂತೆ ಹೂ ಬಿಡಿಸಿ ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಅವಳ ನಾದಿನಿಯೂ ಗೆಳತಿಯರೂ ಹೂವಿನಾಸೆಗೆ ಕೊಂಬೆಗಳನ್ನು ಮುರಿದು, ಬೇಕಾಬಿಟ್ಟಿ ನೀರು ಚೆಲ್ಲಿ ಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದೆ, ಅತ್ತ ಮರವೂ ಅಲ್ಲದೆ ಇತ್ತ ಮನುಷ್ಯಳೂ ಅಲ್ಲದೆ ಉಳಿದುಬಿಡುತ್ತಾಳೆ. ಕೊನೆಗೆ ಗಂಡನು ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿದಾಗಲೇ ಅವಳಿಗೆ ಪೂರ್ಣರೂಪ.

ಚಿತ್ರಕ್ಕೆ ಜೀವ ಕೊಡುವವನ ಪರೀಕ್ಷೆ ಇಲ್ಲಿದೆ. ಮೊದಲ ರೂಪಾಂತರವನ್ನು ಸೊಗಸಾಗಿ ತೋರಿಸುವುದು ಕೈಚಳಕ. ಆ ಅರ್ಧ ದೇಹವನ್ನು ನೋಡುಗನ ಕಣ್ಣಿಂದ ಮರೆಮಾಡದೆ, ಮೋಜಿನ ವಸ್ತುವನ್ನೂ ಮಾಡದೆ, ನೋವಿಗೆ ಬೇಕಾದಷ್ಟು ಹೊತ್ತು ಕೊಟ್ಟು ತೋರಿಸುವುದು ಕಲೆ. ಕಂಪ್ಯೂಟರು ಇಂದು ನಡುವಿನ ಚಿತ್ರಗಳನ್ನು ಕ್ಷಣದಲ್ಲಿ ತುಂಬಿಕೊಡಬಲ್ಲುದು. ಆದರೆ ಎಲ್ಲಿ ತಡೆಯಬೇಕೆಂಬ ವಿವೇಕ ಕಥೆ ಹೇಳುವ ಅಜ್ಜಿಯ ಉಸಿರಿನಲ್ಲಿದೆ. ನಮ್ಮ ಹಳ್ಳಿಯ ಹುಡುಗನೊ ಹುಡುಗಿಯೊ ನಾಳೆ ಈ ಕಥೆಗೆ ಚಲನೆ ಕೊಡಲು ಕುಳಿತರೆ, ರಾಜಕುಮಾರನ ಮನೆಗೆ ಚೂಪು ಗೋಪುರಗಳೇ ಬೇಕೆಂದೇನೂ ಇಲ್ಲ. ತೊಟ್ಟಿಮನೆಯ ಅಂಗಳವೂ ಸಾಕು. ಮುರಿದ ಕೊಂಬೆಯನ್ನು ಮಾತ್ರ ಅವಸರದಲ್ಲಿ ಜೋಡಿಸದಿರಲಿ.