ಕೈಗೆ ಹಗುರ, ಕಣ್ಣಿಗೆ ಹಿತ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮಲಗಿಕೊಂಡು ಓದಿದವರಿಗೆ ಗೊತ್ತು, ಸ್ವಲ್ಪ ಹೊತ್ತಿಗೇ ಮಣಿಕಟ್ಟು ಸೋಲುತ್ತದೆ. ಆದರೆ ಇ-ಪುಸ್ತಕ ಓದುವ ಸಾಧನವಾದ ಆರು ಇಂಚಿನ ಇ-ರೀಡರ್ ತೂಗುವುದು ಸುಮಾರು 200 ಗ್ರಾಂ. ಕಾದಂಬರಿ ಎಷ್ಟೇ ದೊಡ್ಡದಿದ್ದರೂ ಭಾರ ಹೆಚ್ಚುವುದಿಲ್ಲ.

ಅದರ ಪರದೆ ಮೊಬೈಲಿನದರಂತಲ್ಲ. ಸುಮಾರು ಕೂದಲೆಳೆಯ ದಪ್ಪದ ಗುಳಿಗೆಗಳಲ್ಲಿ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಅವು ಮೇಲೆ ಕೆಳಗೆ ಸರಿದು ಅಕ್ಷರವಾಗುತ್ತವೆ. ಪುಟ ಬದಲಾಗುವಾಗಷ್ಟೇ ಇದಕ್ಕೆ ವಿದ್ಯುತ್ ಬೇಕು. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಬಿಸಿಲಲ್ಲಿ ಕೂತರೂ ಅಕ್ಷರ ಮಸುಕಾಗದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವ ಸೌಕರ್ಯ. ಕಣ್ಣು ಮಂಜಾಯಿತೆಂದು ಓದು ಬಿಟ್ಟ ಹಿರಿಯರು ಎಷ್ಟು ಮನೆಗಳಲ್ಲಿಲ್ಲ! ಬೆರಳು ಸೆಟೆದುಕೊಂಡವರಿಗೂ ಪುಟ ತಿರುವಲು ಒಮ್ಮೆ ಮುಟ್ಟಿದರೆ ಸಾಕು.

ಕನ್ನಡದ ಓದುಗರಿಗೆ ಮಾತ್ರ ಈ ಸುಖ ಪೂರ್ತಿ ದಕ್ಕಿಲ್ಲ. 2016ರಲ್ಲಿ ಕಿಂಡಲ್ ಎಂಬ ಇ-ರೀಡರ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ನಮ್ಮ ಹಳೆಯ ಪುಸ್ತಕಗಳು ಹೆಚ್ಚಾಗಿ ಸಿಗುವುದು ಸ್ಕ್ಯಾನ್ ಮಾಡಿದ ಪುಟಗಳ ಚಿತ್ರವಾಗಿ. ಚಿತ್ರವನ್ನು ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಅದೆಂಥ ಓದು? ಯುನಿಕೋಡ್ ಅಕ್ಷರದಲ್ಲಿ ಜೋಡಿಸಿದ ಇ-ಪುಸ್ತಕದಲ್ಲಾದರೆ ಸಾಲುಗಳು ತಾವೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ನಮ್ಮ ಪ್ರಕಾಶಕರು ಪುಸ್ತಕವನ್ನು ಅಚ್ಚಿಗೆ ಕಳಿಸುವಾಗಲೇ ಇಪಬ್ ಎಂಬ ಇ-ಪುಸ್ತಕ ಮಾದರಿಯ ಪ್ರತಿಯನ್ನೂ ಮಾಡಿಡಲಿ. ಮನೆಯ ಅಜ್ಜಿ ಕೇಳಿದ ಕಾದಂಬರಿಯನ್ನು ಅವರ ಕಣ್ಣಿಗೆ ಒಗ್ಗುವ ಗಾತ್ರದಲ್ಲಿ ತೆರೆದುಕೊಡಲು ಮೊಮ್ಮಕ್ಕಳು ಸಿದ್ಧರಿದ್ದಾರೆ.