ಒಂಬತ್ತು ರೂಪಾಯಿ ಹನ್ನೆರಡಾಣೆ

ಇವತ್ತು ರಾಜಕೀಯ ಬೇಡ. ದಿನವಿಡೀ ಅದನ್ನೇ ನೋಡಿ ನೀವೂ ಸುಸ್ತಾಗಿದ್ದೀರಿ, ಓದಿ ಓದಿ ನಾನೂ ಸುಸ್ತಾಗಿದ್ದೀನಿ. ನಮ್ಮ ಆಫೀಸಿನದೇ ಒಂದು ಸಣ್ಣ ವಿಷಯ ಹೇಳ್ತೀನಿ. ಸಣ್ಣದು ಅಂತ ನಾನೂ ಅಂದುಕೊಂಡಿದ್ದೆ. ಎರಡು ದಿನ ಆಯ್ತು, ತಲೆಯಿಂದ ಹೋಗ್ತಾ ಇಲ್ಲ.

ನೀವು ಟಿವಿ ನೋಡುವಾಗ ಪರದೆಯ ಕೆಳಗೆ ಒಂದು ಪಟ್ಟಿ ಓಡುತ್ತಲ್ಲ, ಅದಕ್ಕೆ ನಾವು ಸ್ಕ್ರೋಲ್ ಅಂತೀವಿ. ಆ ಸಾಲುಗಳನ್ನು ಬರೆಯೋಕೆ ಡೆಸ್ಕ್‌ನಲ್ಲಿ ಜನ ಇರ್ತಾರೆ. ಅವರಲ್ಲಿ ಒಬ್ಬಳು ಹಾವೇರಿ ಕಡೆಯ ಹುಡುಗಿ. ಹಗಲು ಸ್ಕ್ರೋಲ್ ಬರೀತಾಳೆ, ರಾತ್ರಿ ಪಿಜಿಗೆ ಹೋಗಿ ಕಥೆ ಬರೀತಾಳೆ. ಎರಡು ವರ್ಷದಲ್ಲಿ ಹದಿನಾಲ್ಕು ಕಥೆಗಳನ್ನು ಪತ್ರಿಕೆಗಳಿಗೆ ಕಳಿಸಿದ್ದಾಳೆ. ಎರಡು ಅಚ್ಚಾಗಿವೆ. ಒಂದಕ್ಕೆ ಐನೂರು ರೂಪಾಯಿ ಬಂತು. ಇನ್ನೊಂದಕ್ಕೆ ಪತ್ರಿಕೆಯ ಒಂದು ಪ್ರತಿ ಬಂತು. ಉಳಿದ ಹನ್ನೆರಡಕ್ಕೆ ಉತ್ತರವೇ ಇಲ್ಲ.

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಬಂದು ನಿಂತಳು. "ಸರ್, ನಾನು ಬರೆಯೋದು ಬಿಟ್ಟುಬಿಡ್ತೀನಿ" ಅಂದಳು. ಯಾಕೆ ಅಂತ ಕೇಳಿದೆ. ಊರಿಂದ ಅಪ್ಪ ಫೋನ್ ಮಾಡಿದ್ದರಂತೆ. ಮಗಳ ಕಥೆ ಬಂದ ಪತ್ರಿಕೆಯನ್ನು ಊರೆಲ್ಲ ತೋರಿಸಿಕೊಂಡು ಬಂದ ಮನುಷ್ಯ ಕೊನೆಗೆ ಕೇಳಿದ್ದು ಒಂದೇ ಮಾತು: "ಇದಕ್ಕ ರೊಕ್ಕ ಎಷ್ಟ ಬಂತವ್ವಾ?" ಅವರೇನು ಚುಚ್ಚೋಕೆ ಕೇಳಿದ್ದಲ್ಲ. ಬಿತ್ತಿದ್ದು ಎಷ್ಟು, ಬಂದಿದ್ದು ಎಷ್ಟು ಅನ್ನೋದು ಹೊಲದಲ್ಲಿ ದುಡಿಯುವವರು ಪ್ರತಿ ವರ್ಷ ಹಾಕುವ ಲೆಕ್ಕ. ಆದರೆ ಈ ಹುಡುಗಿಯ ಹತ್ತಿರ ಉತ್ತರ ಇರಲಿಲ್ಲ.

ನಾನು ಏನು ಹೇಳಿದೆ ಗೊತ್ತಾ? "ಬರೀತಾ ಇರಿ, ಒಂದಲ್ಲ ಒಂದು ದಿನ ಫಲ ಸಿಕ್ಕೇ ಸಿಗುತ್ತೆ" ಅಂದೆ. ಅವಳು ಥ್ಯಾಂಕ್ಸ್ ಹೇಳಿ ಹೋದಳು. ಮನೆಗೆ ಹೋಗ್ತಾ ಕಾರಿನಲ್ಲಿ ನನಗೇ ನಾಚಿಕೆಯಾಯಿತು. ಸಿಕ್ಕೇ ಸಿಗುತ್ತೆ ಅನ್ನೋಕೆ ನಾನ್ಯಾರು? ಇದೇ ಸ್ಟುಡಿಯೋದಲ್ಲಿ ಒಬ್ಬ ಮಂತ್ರಿ ಹೀಗೆ ಭರವಸೆ ಕೊಟ್ಟಿದ್ದರೆ, "ದಾಖಲೆ ಇದೆಯಾ ಸರ್?" ಅಂತ ಮೂರು ಸಲ ಕೇಳ್ತಿದ್ದೆ. ಹಾಗಾಗಿ ಇವತ್ತು ಸ್ವಲ್ಪ ದಾಖಲೆ ಇಟ್ಟುಕೊಂಡೇ ಮಾತಾಡ್ತೀನಿ.

‘ಮಾಲ್ಗುಡಿ ಡೇಸ್’ ನೀವೆಲ್ಲ ನೋಡಿರ್ತೀರಿ. ನನ್ನ ವಯಸ್ಸಿನವರು ಮರುಪ್ರಸಾರದಲ್ಲಿ ನೋಡಿದ್ದು, ನಮ್ಮ ಅಪ್ಪ ಅಮ್ಮ 1980ರ ದಶಕದಲ್ಲಿ ದೂರದರ್ಶನದಲ್ಲೇ ನೋಡಿದ್ದು. ಶಂಕರ್ ನಾಗ್ ನಿರ್ದೇಶನ, ಆಗುಂಬೆಯ ಬೀದಿಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು. ಆ ಶೀರ್ಷಿಕೆಯ ಸಂಗೀತ ಕೇಳಿದರೆ ಇವತ್ತಿಗೂ ಅಡುಗೆಮನೆಯಿಂದ ಜನ ಹಾಲ್‌ಗೆ ಬರ್ತಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಕೂಡ ಇದೆ. ಒಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಫಲ ಏನು ಬೇಕು ಹೇಳಿ?

ಆದರೆ ನಾವು ನೋಡಿದ್ದು ಕೊನೆಯ ಭಾಗ. ಮೊದಲಿನ ಭಾಗಕ್ಕೆ ಹೋಗೋಣ.

1930ನೇ ಇಸವಿ. ಆರ್.ಕೆ. ನಾರಾಯಣ್ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಾರೆ. ಅದೂ ಕಷ್ಟಪಟ್ಟು. ಮುಂದೆ ಇಂಗ್ಲಿಷ್‌ನಲ್ಲಿ ಬರೆದು ಜಗತ್ತಿಗೇ ಹೆಸರಾದ ಈ ಮನುಷ್ಯ ಕಾಲೇಜು ಸೇರುವ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದು ಇಂಗ್ಲಿಷ್‌ನಲ್ಲೇ! ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಜ್ಜಿ ಒಂದು ಒಳ್ಳೆಯ ದಿನ ನೋಡಿಕೊಟ್ಟರು. ಮೊಮ್ಮಗ ಒಂದು ನೋಟ್‌ಬುಕ್ ತಂದು ಕಾದಂಬರಿ ಶುರು ಮಾಡಿದರು. ಪೆನ್ನು ಕಚ್ಚಿಕೊಂಡು ಏನು ಬರೆಯಲಿ ಅಂತ ಕೂತಿದ್ದಾಗ ಒಂದು ಪುಟ್ಟ ರೈಲು ನಿಲ್ದಾಣ ಕಣ್ಣಿಗೆ ಬಂತಂತೆ. ಅದೇ ಮಾಲ್ಗುಡಿ.

ಈಗ ಲೆಕ್ಕಕ್ಕೆ ಬನ್ನಿ. ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಈ ಲೆಕ್ಕವನ್ನು ಅವರೇ ಕೊಟ್ಟಿದ್ದಾರೆ. ಬರವಣಿಗೆಯಿಂದ ಮೊದಲ ವರ್ಷದ ಆದಾಯ ಒಂಬತ್ತು ರೂಪಾಯಿ ಹನ್ನೆರಡಾಣೆ. ಎರಡನೇ ವರ್ಷ ಒಂದು ಕಥೆಗೆ ಹದಿನೆಂಟು ರೂಪಾಯಿ. ಮೂರನೇ ವರ್ಷ ಮಕ್ಕಳ ಕಥೆಯೊಂದಕ್ಕೆ ಮೂವತ್ತು ರೂಪಾಯಿ. ಮೂರು ವರ್ಷ ಕೂಡಿಸಿ, ಐವತ್ತೇಳು ರೂಪಾಯಿ ಹನ್ನೆರಡಾಣೆ. ಆ ಮೂವತ್ತು ರೂಪಾಯಿ ಚೆಕ್ಕನ್ನು ಅಪ್ಪನ ಕೈಗೆ ಕೊಟ್ಟರೆ ಅಪ್ಪನಿಗೆ ಖುಷಿಯೋ ಖುಷಿ. ಆದರೂ ತಮಾಷೆಗೆ, ಇದೇ ನಿನ್ನ ಮೊದಲನೆಯ ಚೆಕ್ಕು, ಕೊನೆಯದೂ ಇದೇ ಇರಬೇಕು ಅಂದರಂತೆ. ಕೊನೆಯದು ಅನ್ನಬೇಡಿ ಅಂತ ಮಗ ತಕರಾರು ತೆಗೆದರು. ಅಪ್ಪ ಕೂಡಲೇ ಮಾತು ವಾಪಸ್ ತಗೊಂಡರು. ನೋಡಿ, ಹಾವೇರಿಯ ಅಪ್ಪನಾಗಲಿ ಮೈಸೂರಿನ ಹೆಡ್‌ಮಾಸ್ಟರ್ ಅಪ್ಪನಾಗಲಿ, ಚಿಂತೆ ಒಂದೇ.

ನಡುವೆ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು. ಹೋದರು, ಬಿಟ್ಟು ಬಂದರು. ಮನೆಯವರು ಮತ್ತೆ ಕಳಿಸಿದರು. ಮತ್ತೆ ಬಿಟ್ಟು ಬಂದರು. ಇತ್ತ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರ ಮನೆ ಮನೆ ಸುತ್ತಿ ಬೇಡ ಅನ್ನಿಸಿಕೊಂಡು ಬರ್ತಾ ಇತ್ತು. ಕೊನೆಗೆ ಬೇಸರ ಬಂದು, ಆಕ್ಸ್‌ಫರ್ಡ್‌ನಲ್ಲಿ ಓದ್ತಿದ್ದ ಸ್ನೇಹಿತ ಪೂರ್ಣ ಅವರಿಗೆ ಕಾಗದ ಬರೆದರು: ಅದಕ್ಕೆ ಒಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ. ಸ್ನೇಹಿತ ಎಸೆಯಲಿಲ್ಲ. ಅಲ್ಲೇ ಇದ್ದ ಗ್ರಹಾಂ ಗ್ರೀನ್ ಅನ್ನೋ ಕಾದಂಬರಿಕಾರನ ಕೈಗೆ ಕೊಟ್ಟರು. ಗ್ರೀನ್‌ಗೆ ಇಷ್ಟವಾಗಿ ಪ್ರಕಾಶಕರಿಗೆ ಶಿಫಾರಸು ಮಾಡಿದರು. 1935ರಲ್ಲಿ ಪುಸ್ತಕ ಬಂತು.

ಚಪ್ಪಾಳೆ ಹೊಡೆಯೋಣ ಅಂದುಕೊಂಡ್ರಾ? ತಡೀರಿ. ಪುಸ್ತಕ ಮಾರಾಟವೇ ಆಗಲಿಲ್ಲ. ಆ ಪ್ರಕಾಶಕರು ಎರಡನೇ ಕಾದಂಬರಿ ಬೇಡ ಅಂದರು. 1937ರಲ್ಲಿ ಎರಡನೆಯದು ಬೇರೆಯವರಿಂದ, 1938ರಲ್ಲಿ ಮೂರನೆಯದು ಇನ್ನೂ ಬೇರೆಯವರಿಂದ. ಮೂರು ಪುಸ್ತಕ, ಮೂರು ಪ್ರಕಾಶಕರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1960ರಲ್ಲಿ, ‘ದ ಗೈಡ್’ಗೆ. ಅಜ್ಜಿ ದಿನ ನೋಡಿಕೊಟ್ಟು ಆಗ ಮೂವತ್ತು ವರ್ಷ. ಸ್ವಾಮಿ ನಮ್ಮ ಮನೆಯ ಟಿವಿಗೆ ಬರೋಕೆ ಇನ್ನೂ ಕಾಲು ಶತಮಾನ ಬೇಕಾಯ್ತು.

ಇಲ್ಲಿಗೆ ಭಾಷಣ ನಿಲ್ಲಿಸಿ "ತಾಳಿದವನು ಬಾಳಿಯಾನು" ಅಂತ ಹೇಳಿಬಿಟ್ಟರೆ ಸುಲಭ. ಆದರೆ ನಾನು ಇಂಜಿನಿಯರಿಂಗ್ ಓದಿದವನು, ಹಾಗೆ ಹೇಳೋಕೆ ಬಾಯಿ ಬರಲ್ಲ. ಗೆದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಉತ್ತರ ತಪ್ಪಾಗುತ್ತೆ. ಅದೇ ಕಾಲದಲ್ಲಿ ಅಷ್ಟೇ ಶ್ರದ್ಧೆಯಿಂದ ಬರೆದು, ಬರೆದದ್ದು ಅಟ್ಟದ ಮೇಲಿನ ಟ್ರಂಕಿನಲ್ಲೇ ಉಳಿದವರು ಎಷ್ಟು ಜನವೋ. ಅವರಿಗೆ ಪೂರ್ಣನಂಥ ಸ್ನೇಹಿತ ಸಿಗಲಿಲ್ಲ. ಇನ್ನೂ ಒಂದು ಮಾತು. ನಾರಾಯಣ್‌ಗೆ ಮೈಸೂರಿನಲ್ಲಿ ಮನೆ ಇತ್ತು, ಊಟ ಇತ್ತು, ಸುತ್ತ ತುಂಬಿದ ಕುಟುಂಬ ಇತ್ತು. ಪಿಜಿ ಬಾಡಿಗೆ ಕಟ್ಟಬೇಕಾದ ಹುಡುಗಿಗೆ ಅದಿಲ್ಲ. ಇದನ್ನು ಮುಚ್ಚಿಟ್ಟು ಉಪದೇಶ ಮಾಡೋದು ಮೋಸ.

ಹಾಗಾದರೆ ಈ ಕಥೆಯಿಂದ ನಾವು ತಗೊಳ್ಳೋದೇನು? ಅದಕ್ಕೆ ನಿಮ್ಮನ್ನು ಒಂದು ನಿಮಿಷ ಬಚ್ಚಲುಮನೆಗೆ ಕರ್ಕೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ. ಗೀಸರ್ ಆನ್ ಮಾಡಿ ನಲ್ಲಿ ತಿರುಗಿಸ್ತೀರಿ. ತಣ್ಣೀರು ಬರುತ್ತೆ. ಪೈಪಿನಲ್ಲಿ ಬಿಸಿನೀರು ಬರೋಕೆ ಸ್ವಲ್ಪ ಹೊತ್ತು ಬೇಕು. ನಮಗೆ ತಾಳ್ಮೆ ಇಲ್ಲ, ಬಿಸಿನೀರಿನ ನಲ್ಲಿಯನ್ನು ಇನ್ನೂ ತಿರುಗಿಸ್ತೀವಿ. ಆಮೇಲೆ ಒಮ್ಮೆಗೇ ಸುಡುವ ನೀರು. ಗಾಬರಿಯಾಗಿ ಪೂರ್ತಿ ಮುಚ್ತೀವಿ, ಮತ್ತೆ ತಣ್ಣೀರು. ತಪ್ಪು ಗೀಸರಿನದಲ್ಲ. ಫಲ ತಡವಾಗಿ ಬರುವ ಕಡೆ ಕ್ಷಣಕ್ಕೊಮ್ಮೆ ನಲ್ಲಿ ತಿರುಗಿಸಿದ ನಮ್ಮದು. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು ನಮಗೆ. ನಾಲ್ಕು ತಿಂಗಳು ಓದಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ.

ಇದನ್ನು ಓದಿಯೂ ನಾನು ಅದೇ ತಪ್ಪು ಮಾಡಿದೆ. ಮೊದಲು ಕೆಲಸ ಮಾಡ್ತಿದ್ದ ಕಡೆ ನನಗೊಂದು ಪುಟ್ಟ ಕಾರ್ಯಕ್ರಮ ಕೊಟ್ಟಿದ್ದರು, ರಾತ್ರಿ ಹತ್ತೂವರೆ ಸ್ಲಾಟು. ಹಳ್ಳಿಗಳ ಕೆರೆ, ಶಾಲೆ, ಆಸ್ಪತ್ರೆ ಬಗ್ಗೆ ಹತ್ತು ನಿಮಿಷ ಮಾತು. ಗುರುವಾರ ಬಂತು ಅಂದರೆ ವಾರದ ರೇಟಿಂಗ್ ಬರ್ತಿತ್ತು. ಒಂದು ವಾರ ಕಡಿಮೆ ಬಂತು, ಕೆರೆ ಬಿಟ್ಟು ಕ್ರೈಂ ಹಾಕಿದೆ. ಮುಂದಿನ ವಾರ ಸಿನಿಮಾ. ಅದರ ಮುಂದಿನ ವಾರ ಜ್ಯೋತಿಷಿಯೊಬ್ಬರನ್ನು ಕೂರಿಸಿದೆ. ಮೂರು ತಿಂಗಳಲ್ಲಿ ನನ್ನದು ಅಂತ ಒಂದು ಕಾರ್ಯಕ್ರಮವೇ ಉಳಿಯಲಿಲ್ಲ. ಕೊನೆಗೆ ಅದನ್ನು ನಿಲ್ಲಿಸಿದಾಗ "ಯಾಕೆ ನಿಲ್ಲಿಸಿದ್ರಿ" ಅಂತ ಒಬ್ಬೇ ಒಬ್ಬರು ಫೋನ್ ಮಾಡಲಿಲ್ಲ. ರೇಟಿಂಗ್ ಬರದೆ ಅದು ಸತ್ತಿತು ಅಂತ ಎಲ್ಲರೂ ಅಂದರು. ನನಗೆ ಗೊತ್ತು, ವಾರಕ್ಕೊಮ್ಮೆ ನಲ್ಲಿ ತಿರುಗಿಸಿ ಸಾಯಿಸಿದ್ದು ನಾನೇ.

ನಾರಾಯಣ್ ಹೊಟ್ಟೆಪಾಡಿನ ನಲ್ಲಿಯನ್ನೂ ಬರವಣಿಗೆಯ ನಲ್ಲಿಯನ್ನೂ ಬೇರೆ ಬೇರೆ ಇಟ್ಟುಕೊಂಡರು. ಸಂಸಾರ ಆದಮೇಲೆ ಮದ್ರಾಸಿನ ‘ಜಸ್ಟಿಸ್’ ಅನ್ನೋ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಅಚ್ಚಾದ ಸುದ್ದಿಯನ್ನು ಇಂಚಿನ ಲೆಕ್ಕದಲ್ಲಿ ಅಳೆದು ದುಡ್ಡು ಕೊಡ್ತಿದ್ದರು. ಸುದ್ದಿ ಹುಡುಕಿಕೊಂಡು ಊರೆಲ್ಲ ಸುತ್ತೋದು, ಇಂಚು ಎಣಿಸೋದು. ಆ ಇಂಚಿನ ಲೆಕ್ಕವನ್ನು ಕಾದಂಬರಿಯ ಒಳಗೆ ಬಿಟ್ಟುಕೊಳ್ಳಲಿಲ್ಲ. ಮಾಲ್ಗುಡಿ ಮಾರಾಟ ಆಗಲಿಲ್ಲ ಅಂತ ಇನ್ನೊಂದು ಊರು ಹುಡುಕಲಿಲ್ಲ. ಅದೇ ಊರಿಗೆ ಮತ್ತೆ ಮತ್ತೆ ಹೋದರು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. 1941ರಲ್ಲಿ ಮೈಸೂರಿನಿಂದ ‘ಇಂಡಿಯನ್ ಥಾಟ್’ ಅಂತ ಒಂದು ತ್ರೈಮಾಸಿಕ ಶುರು ಮಾಡಿದರು. ಕೆಲವೇ ಸಂಚಿಕೆಗೆ ಅದು ನಿಂತುಹೋಯಿತು. ಹಣದ ಲೆಕ್ಕದಲ್ಲಿ ಪೂರಾ ನಷ್ಟ. ಆದರೆ ಅದನ್ನು ಅಚ್ಚು ಹಾಕಿಕೊಟ್ಟ ಪ್ರೆಸ್ಸಿನ ಮಾಲೀಕರು, ಅಲ್ಲಿನ ಗದ್ದಲ, ಅಲ್ಲಿನ ಮಾತು ಇವೆಲ್ಲ ಎಂಟು ವರ್ಷದ ಮೇಲೆ ‘ಮಿಸ್ಟರ್ ಸಂಪತ್’ ಕಾದಂಬರಿಯಾಗಿ ಬಂತು. ಅದೇ ‘ಇಂಡಿಯನ್ ಥಾಟ್’ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿಕೊಂಡರು. ಅಂದರೆ ದುಡ್ಡಿನ ಪುಸ್ತಕದಲ್ಲಿ ನಷ್ಟ ಅಂತ ಬರೆದದ್ದು, ಕೆಲಸದ ಪುಸ್ತಕದಲ್ಲಿ ಜಮಾ ಆಗಿತ್ತು. ಆ ಜಮಾ ಯಾವ ಚೆಕ್ಕಿನಲ್ಲೂ ಕಾಣಲ್ಲ.

ನಿನ್ನೆ ಆ ಹುಡುಗಿಯನ್ನು ಕ್ಯಾಂಟೀನಿಗೆ ಕರೆದು ಕೂರಿಸಿದೆ. "ಮೊನ್ನೆ ನಾನು ಹೇಳಿದ್ದು ವಾಪಸ್ ತಗೋತೀನಿ. ಫಲ ಸಿಗುತ್ತೋ ಇಲ್ವೋ ನನಗೆ ಗೊತ್ತಿಲ್ಲ" ಅಂದೆ. ಗಾಬರಿಯಿಂದ ನೋಡಿದಳು. ಮೂರು ಮಾತು ಹೇಳಿದೆ. ಒಂದು, ಸ್ಕ್ರೋಲ್ ಕೆಲಸ ಬಿಡಬೇಡಿ. ಬಾಡಿಗೆ ಕಟ್ಟೋ ಭಾರ ಕಥೆಯ ತಲೆ ಮೇಲೆ ಹಾಕಿದರೆ ಕಥೆ ಕುಸಿದುಹೋಗುತ್ತೆ. ಎರಡು, ಕಳಿಸಿದ ಕಥೆಗೆ ಉತ್ತರ ಬಂತಾ ಅಂತ ದಿನಾ ನೋಡಬೇಡಿ, ಈ ವಾರ ಎಷ್ಟು ರಾತ್ರಿ ಕೂತು ಬರೆದೆ ಅಂತ ನೋಡಿ. ಮೊದಲನೆಯದು ಪತ್ರಿಕೆಯವರ ಕೈಯಲ್ಲಿದೆ, ಎರಡನೆಯದು ನಿಮ್ಮ ಕೈಯಲ್ಲಿದೆ. ಮೂರು, ಬರೆಯುವ ಹೊತ್ತೇ ನಿಮಗೆ ಹಿಂಸೆ ಅನಿಸ್ತಿದ್ದರೆ ಇವತ್ತೇ ಬಿಟ್ಟುಬಿಡಿ. ಅದರಲ್ಲಿ ಯಾವ ಅವಮಾನವೂ ಇಲ್ಲ. ಬರೆಯದೆ ಇರುವವರೂ ಚೆನ್ನಾಗೇ ಬದುಕ್ತಿದ್ದಾರೆ.

ಅವಳು ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸ್ತಾ ಕೂತಿದ್ದಳು. ಆಮೇಲೆ ಬ್ಯಾಗಿನಿಂದ ಒಂದು ಕವರ್ ತೆಗೆದಳು. "ಸರ್, ಇದು ಹದಿನೈದನೇದು. ಇನ್ನೂ ಎಲ್ಲಿಗೂ ಕಳಿಸಿಲ್ಲ. ಓದಿ ನಿಜ ಹೇಳ್ತೀರಾ?" ಬಿಡ್ತೀನಿ ಅಂದವಳ ಬ್ಯಾಗಿನಲ್ಲಿ ಹದಿನೈದನೇದು! ರಾತ್ರಿ ಓದಿದೆ. ಮೂರನೇ ಪುಟ ಜಾಳು, ಕೊನೆ ಅವಸರ. ಆದರೆ ಬೆಳೆ ಒಣಗಿದ ಹೊಲದ ಬದುವಿನಲ್ಲಿ ಕೂತು ಮಗಳಿಗೆ ಫೋನ್ ಮಾಡುವ ಒಬ್ಬ ಅಪ್ಪ ಇದ್ದಾನೆ ಅದರಲ್ಲಿ. ಏನೂ ಆಗಿಲ್ಲದವನ ಹಾಗೆ ಮಾತಾಡ್ತಾನೆ. ಆ ಒಂದು ಪುಟವನ್ನು ನಾನು ಎರಡು ಸಲ ಓದಿದೆ. ಹದಿನಾಲ್ಕು ಬರೆಯದೆ ಇದ್ದಿದ್ದರೆ ಆ ಪುಟ ಬರ್ತಿರಲಿಲ್ಲ. ಬೆಳಿಗ್ಗೆ ಬಂದು ಮೂರನೇ ಪುಟದ ವಿಷಯವನ್ನೂ ಹೇಳಿದೆ, ಈ ಪುಟದ ವಿಷಯವನ್ನೂ ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇರಬಹುದು. ರಾತ್ರಿ ದೀಪ ಹಾಕಿಕೊಂಡು ಏನೋ ಬರೀತಾ ಇರ್ತಾರೆ, ಹಾಡು ಕಲೀತಾ ಇರ್ತಾರೆ, ಚಿತ್ರ ಬಿಡಿಸ್ತಾ ಇರ್ತಾರೆ. ರೊಕ್ಕ ಎಷ್ಟು ಬಂತು ಅಂತ ಕೇಳಿ, ತಪ್ಪಿಲ್ಲ, ಮನೆ ನಡೀಬೇಕಲ್ಲ. ಆದರೆ ಅದಕ್ಕೂ ಮೊದಲು ಒಂದು ಸಲ "ಏನು ಬರೆದೆ, ಓದು ಕೇಳೋಣ" ಅನ್ನಿ. ಫಲ ಬರೋ ತನಕ ದಾರಿ ನಡೆಯೋಕೆ ಅಷ್ಟು ಸಾಕಾಗುತ್ತೆ ಕೆಲವರಿಗೆ.