ಕುರ್ಚಿಯ ಬೆಲೆ, ಕ್ವಾರ್ಟರಿನ ತೆರಿಗೆ



ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳಲ್ಲಿ ಸೆರೆ ಮಾರುವ ಜಾಗ ಎರಡು ತರಹ. ಕಿಂಡಿಯಲ್ಲಿ ದುಡ್ಡು ಕೊಟ್ಟು ಬಾಟಲಿ ಒಯ್ಯುವ ವೈನ್ ಶಾಪು ಒಂದು; ಕುರ್ಚಿ, ಫ್ಯಾನು, ತಂದುಕೊಡುವ ಹುಡುಗರು ಇರುವ ಬಾರು ಇನ್ನೊಂದು. ಅಬಕಾರಿ ಇಲಾಖೆಯ ಭಾಷೆಯಲ್ಲಿ ಮೊದಲನೆಯದು ಸಿ.ಎಲ್.-2 ಸನ್ನದು, ಎರಡನೆಯದು ಸಿ.ಎಲ್.-9. ಮೊದಲನೆಯವನು ಬಾಟಲಿಯ ಮೇಲೆ ಅಚ್ಚಾದ ಬೆಲೆಗೇ ಮಾರಬೇಕು, ಅಲ್ಲಿ ಕುಡಿಯಗೊಡುವಂತಿಲ್ಲ. ಎರಡನೆಯವನು ಕುಳ್ಳಿರಿಸಿ ಕುಡಿಸುತ್ತಾನೆ, ಕುಳ್ಳಿರಿಸಿದ್ದಕ್ಕೆ ತನ್ನ ದರ ಹಾಕುತ್ತಾನೆ.

ಕುಡಿಯುವುದು ಪಾಪವೋ ಅಲ್ಲವೋ ಎಂದು ಪ್ರವಚನ ಹೇಳುವವರು ಬೇರೆ ಇದ್ದಾರೆ. ಇದರಲ್ಲಿ ಸರ್ಕಾರದ ಪಾಲು ಯಾರ ಕಿಸೆಯಿಂದ ಬರುತ್ತದೆ ಎಂಬುದಷ್ಟೇ ಇಂದು ನಮ್ಮ ಮಾತು.

2003ರಿಂದ ಸಗಟು ಮಾರಾಟ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಡಿಪೋದಿಂದ ಪೆಟ್ಟಿಗೆ ಅಂಗಡಿ ಸೇರುವ ಮುನ್ನವೇ ಅಬಕಾರಿ ಸುಂಕ, ಹೆಚ್ಚುವರಿ ಅಬಕಾರಿ ಸುಂಕ ಎರಡೂ ವಸೂಲಾಗಿರುತ್ತವೆ. ಅದೇ ಬಾಟಲಿ ಸುರಪುರದ ಕಿಂಡಿಯಲ್ಲಿ ಮಾರಾಟವಾಗಲಿ, ಬೆಂಗಳೂರಿನ ಪಬ್ಬಿನಲ್ಲಿ ಇಮ್ಮಡಿ ಬೆಲೆಗೆ ಹೋಗಲಿ, ಸುಂಕ ಒಂದೇ. ಸನ್ನದಿನ ವಾರ್ಷಿಕ ಶುಲ್ಕ ಬೇರೆ ಬೇರೆ, ನಿಜ. ಆದರೆ ಕುರ್ಚಿಗಾಗಿ ಗಿರಾಕಿ ಕೊಟ್ಟ ಹೆಚ್ಚಿನ ಹಣ ಬಾರಿನ ಗಲ್ಲಾಕ್ಕೇ ಸೇರುತ್ತದೆ. 2014ರಲ್ಲಿ ಪಟ್ಟಣಗಳ ಬಾರು, ಕ್ಲಬ್ಬು, ತಾರಾ ಹೋಟೆಲುಗಳ ಮದ್ಯಕ್ಕೆ ಶೇಕಡ 5.5ರ ಮೌಲ್ಯವರ್ಧಿತ ತೆರಿಗೆ ಹಾಕಿದ್ದರು. 2017ರ ಏಪ್ರಿಲ್ 1ರಿಂದ ಅದನ್ನೂ ತೆಗೆದರು. ಅದೇ ಜುಲೈಯಲ್ಲಿ ಬಂದ ಜಿ.ಎಸ್.ಟಿ.ಗೆ ಮದ್ಯ ಸೇರಲೇ ಇಲ್ಲ. ಹೀಗಾಗಿ ಬಾರಿನ ಮೇಜಿನ ಮೇಲೆ ಕೋಳಿಗೆ ತೆರಿಗೆ ಬಿತ್ತು, ಗ್ಲಾಸಿಗೆ ಬೀಳಲಿಲ್ಲ!

ಇನ್ನು ಸುಂಕದ ಹಂತಗಳನ್ನು ನೋಡಿ. 2023ರ ಜುಲೈಯಲ್ಲಿ 18 ಹಂತಗಳಿಗೂ ಹೆಚ್ಚುವರಿ ಸುಂಕ ಶೇಕಡ 20ರಷ್ಟು ಏರಿತು. 2024ರಲ್ಲಿ ಹಂತಗಳನ್ನು 16ಕ್ಕೆ ಇಳಿಸಿ, ನೆರೆರಾಜ್ಯಗಳ ದರಕ್ಕೆ ಹೊಂದಿಸುವ ಹೆಸರಿನಲ್ಲಿ ದುಬಾರಿ ಬಾಟಲಿಗಳ ಬೆಲೆ ತಗ್ಗಿಸಿದರು. 2025ರ ಮೇ ತಿಂಗಳಲ್ಲಿ ಮತ್ತೆ ಏರಿದ್ದು ಯಾವುದು? ಕೆಳಗಿನ ನಾಲ್ಕು ಹಂತ. ಅಂದರೆ ಹಮಾಲ, ಗೌಂಡಿ, ಹೊಲದ ಆಳು ಕೊಳ್ಳುವ ಕ್ವಾರ್ಟರು.

ಲೆಕ್ಕಕ್ಕೆ ಸುಲಭವಾಗಲೆಂದು ಕ್ವಾರ್ಟರಿಗೆ ನೂರು ರೂಪಾಯಿ ಹಿಡಿಯೋಣ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಕೂಲಿಯ ಕಾಲು ಪಾಲಿಗಿಂತ ಹೆಚ್ಚು ಕಿಂಡಿಯಲ್ಲೇ ಹೋಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಡತಿಯ ಖಾತೆಗೆ ಬಂದರೆ, ಗಂಡನ ಕೈಯಿಂದ ಇಪ್ಪತ್ತು ಸಂಜೆಯಲ್ಲಿ ಅಷ್ಟೇ ಹಣ ಹೊರಗೆ ಬಿತ್ತು. ಆ ವರ್ಷದ ಆಯವ್ಯಯದಲ್ಲಿ ಅಬಕಾರಿಯ ಗುರಿ 40,000 ಕೋಟಿ. ಇಂಥ ಗುರಿ ಮುಟ್ಟಬೇಕಾದರೆ ಕುಡಿಯುವವನು ಕುಡಿಯುತ್ತಲೇ ಇರಬೇಕಲ್ಲವೇ?

ಇದು ಪಟ್ಟಣದ ಲೆಕ್ಕವಾಯಿತು. ನಾರಾಯಣಪುರ ಎಡದಂಡೆ ಕಾಲುವೆಯ ಮಗ್ಗುಲ ಹಳ್ಳಿಗಳಲ್ಲಿ ಮೂರನೆಯ ತರಹದ ಅಂಗಡಿಯೊಂದಿದೆ. ಅದಕ್ಕೆ ಸನ್ನದೂ ಇಲ್ಲ, ಬೋರ್ಡೂ ಇಲ್ಲ. ಪಟ್ಟಣದಿಂದ ಬಂದ ಬಾಟಲಿ ಕಿರಾಣಿ ಅಂಗಡಿಯಲ್ಲೋ ಪಾನ್ ಡಬ್ಬಿಯಲ್ಲೋ ಕೂತು, ಅಚ್ಚಾದ ಬೆಲೆಯ ಮೇಲೆ ಹತ್ತೋ ಇಪ್ಪತ್ತೋ ಏರಿಸಿಕೊಳ್ಳುತ್ತದೆ. ಬಾರಿನವನು ಹೆಚ್ಚು ಕೊಟ್ಟರೆ ಕುರ್ಚಿಯಾದರೂ ಸಿಕ್ಕಿತು. ಹಳ್ಳಿಯವನು ಹೆಚ್ಚು ಕೊಟ್ಟೂ ಕಾಲುವೆ ದಂಡೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂಡಬೇಕು.

ಇದು ಹೊಸ ರೋಗವೇನೂ ಅಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆಧಾರ, ಗುತ್ತಿಗೆ ಹರಾಜಾಗುತ್ತಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಗುತ್ತಿಗೆದಾರ ಮಾತ್ರ ಕೂತ ಜಾಗ ಬಿಡಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು.

ಬೆಲೆ ಏರಿದರೆ ಬಡವ ಕುಡಿತ ಬಿಡುತ್ತಾನೆ ಎನ್ನುವವರಿದ್ದಾರೆ. ಕೆಲವರು ಬಿಟ್ಟಾರು, ಅಲ್ಲಗಳೆಯುವುದಿಲ್ಲ. ಬಿಡಲಾರದವನು ಮನೆಯ ಜೋಳದಲ್ಲಿ, ಮಕ್ಕಳ ಪುಸ್ತಕದಲ್ಲಿ ಕಡಿತ ಮಾಡುತ್ತಾನೆ, ಇಲ್ಲವೇ ಸಿ.ಎಚ್. ಪುಡಿ ಬೆರೆಸಿದ ಕಳ್ಳ ಸೇಂದಿಗೆ ಬಾಯೊಡ್ಡುತ್ತಾನೆ. ರಾಯಚೂರು ಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ಕಾಲ್ನಡಿಗೆಯಲ್ಲಿ ಹೋದಾಗ ಅವರೂ ಆ ಸಾಲಿನಲ್ಲಿದ್ದರು.

ನಾವು ಅಗ್ಗದ ಸೆರೆ ಕೇಳುತ್ತಿಲ್ಲ. ಕುರ್ಚಿಗೆ ಕೊಡುವ ಹೆಚ್ಚಿನ ಹಣದ ಮೇಲೆ ತೆರಿಗೆ ಬೀಳಲಿ, ದುಬಾರಿ ಬಾಟಲಿಗೆ ಕೊಟ್ಟ ರಿಯಾಯಿತಿ ಹಿಂದಕ್ಕೆ ಬರಲಿ. ಪ್ರತಿ ಕಿಂಡಿಯ ಮುಂದೆ ಕನ್ನಡದಲ್ಲಿ ದರಪಟ್ಟಿ ತೂಗಲಿ, ರಸೀದಿ ಕೊಡಲಿ. ಸನ್ನದಿಲ್ಲದ ಅಂಗಡಿಗೆ ಯಾವ ಡಿಪೋದ ಮಾಲು, ಯಾವ ಸನ್ನದುದಾರನ ಕೈಯಿಂದ ಬರುತ್ತದೆಂದು ಅಬಕಾರಿಯವರು ಹುಡುಕಲಿ. ಪೆಟ್ಟಿಗೆಯ ಮೇಲಿನ ನಂಬರು ಅವರಿಗೆ ಓದಲು ಬರುತ್ತದೆ.

ಈ ಮನವಿಯನ್ನು ಯಾದಗಿರಿಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಕೊಡುವವರಿದ್ದೇವೆ. ಸಹಿ ಹಾಕಲು ಬರುವಾಗ ನಿಮ್ಮೂರಲ್ಲಿ ಕ್ವಾರ್ಟರಿಗೆ ಎಷ್ಟು ಕೊಡುತ್ತಾರೆಂದು ಒಂದು ಚೀಟಿಯಲ್ಲಿ ಬರೆದು ತನ್ನಿ. ಕುಡಿದವರ ಹೆಸರು ನಮಗೆ ಬೇಡ.